ಎಡಗೈ ಹೊಸೆತ

ಇಲ್ಲ, ಇಲ್ಲ, ಆ ಮಣೆ ಮೇಲೆ ಕೂರಬೇಡ. ಅದು ನನ್ನದು. ಮುಲಿಂಗೆ ನನಗೆ ಅಂತಲೇ ಕೆತ್ತಿಕೊಟ್ಟಿದ್ದು, ನಿನ್ನನ್ನ ಎರಡನೇ ಹೆಂಡ್ತಿ ಮಾಡ್ಕೊಂಡು ಮನೆ ತುಂಬಿಸ್ಕೊಳ್ಳೋಕೆ ಮುಂಚೆ. ಅದೋ, ಅಲ್ಲಿ ಚಾಪೆ ಇದೆ, ಮಾವಿನ ನೆರಳಿದೆ, ಅಲ್ಲಿ ಕೂತ್ಕೋ ಮುತಿಂದಿ. ಹಾಂ... ಹಾಗೆ. ಬರೋವಾಗ ಬೇಲಿ ಬಾಗಿಲ ತಡಿಕೆ ಹಾಕ್ಕೊಂಡು ಬಂದೆ ತಾನೆ? ಆಡು ಅಲ್ಲೇ ತಿರುಗ್ತಿವೆ. ಮತ್ತೆ ಆ ಗಂಟನ್ನ ಯಾಕೆ ಮಡಿಲಲ್ಲಿ ಅವಚಿಕೊಂಡಿದ್ದೀಯ, ಕೆಳಗಿಡು. ನಾನೇನು ಕಿತ್ಕೊಳ್ಳಲ್ಲ. ಇಡಲ್ವಾ? ಬಿಡು, ನಿನ್ನಿಷ್ಟ.

ಎಷ್ಟು ವರ್ಷ ಆಯ್ತು ಹೇಳು, ನೀನು ನನ್ನ ಬೇಲಿಯೊಳಗೆ ಕಾಲಿಟ್ಟು? ಹನ್ನೊಂದು. ಗಂಡ ಒಬ್ಬನೇ, ಬೆಟ್ಟ ಒಂದೇ, ನಿನ್ನ ಮನೆಗೂ ನನ್ನ ಮನೆಗೂ ಇರೋದು ಇಪ್ಪತ್ತು ಹೆಜ್ಜೆ... ಹನ್ನೊಂದು ವರ್ಷ. ಬೇಲಿ ನೆಟ್ಟವಳು ನಾನೇ, ಒಪ್ಕೋತೀನಿ. ಸವತಿ ಅಂದ್ಮೇಲೆ ಮಧ್ಯ ಒಂದು ಮುಳ್ಳಿರಬೇಕು, ಇಲ್ಲದಿದ್ರೆ ಮರ್ಯಾದೆ ಉಳಿಯಲ್ಲ.

ಯಾಕೆ ಹಾಗೆ ನೋಡ್ತಿದ್ದೀಯ? ಏನಾದ್ರೂ ಅನ್ನು. ಮರಳುಹೊಳೇಲಿ ಒರತೆ ತೋಡೋವಾಗ ಕತ್ತೆಗೂ ಕಥೆ ಹೇಳೋ ಬಾಯಿ ನಿನ್ನದು. ಇವತ್ತು ಏನಾಗಿದೆ ಅದಕ್ಕೆ?

ನಾನು ಬುಟ್ಟಿ ದಾರ ಹೊಸೆಯೋ ಕೈ ನಿಲ್ಲಿಸಲ್ಲ, ತಪ್ಪು ತಿಳ್ಕೋಬೇಡ. ಬೆಳಗ್ಗೆ ಬೆಳಗ್ಗೆ ನಾರು ಮೆತ್ತಗಿರುತ್ತೆ, ಬಿಸಿಲೇರಿದ ಮೇಲೆ ಚರ್ಮ ಸುಲಿಯುತ್ತೆ. ನೋಡು, ಈ ಬಣ್ಣ ನೋಡು. ಕಂಡಿದ್ದೀಯಾ ಎಲ್ಲಾದ್ರೂ? ನೇರಳೆ ಹಣ್ಣು ತಿಂದ ನಾಲಗೆ ತರ ಇಲ್ವಾ? ಎರಡು ತರದ ತೊಗಟೆ, ಹೊಳೆಯ ಕರಿಮಣ್ಣು, ಇನ್ನೊಂದು ಇದೆ, ಅದನ್ನ ಹೇಳಲ್ಲ. ಮೊನ್ನೆ ಶನಿವಾರ ಮೊದಲ ಸಲ ಕೈಗೆ ಹತ್ತಿದ್ದು. ಈ ಬೆಟ್ಟದಲ್ಲಿ ಇನ್ನೂ ಯಾರೂ ನೋಡಿಲ್ಲ, ಒಂದೆಳೆ ಕೂಡ ಈ ಅಂಗಳ ದಾಟಿಲ್ಲ. ನಿನಗೇ ಮೊದಲು ತೋರಿಸ್ತಿರೋದು. ಹೊಟ್ಟೆ ಉರೀಲಿ ಅಂತ ತೋರಿಸ್ತಿದ್ದೀನಿ, ಸುಳ್ಳು ಯಾಕೆ ಹೇಳ್ಲಿ?

ಹೌದು, ಶನಿವಾರ. ನನಗೂ ನೆನಪಿದೆ ಶನಿವಾರ ಏನಾಯ್ತು ಅಂತ. ಆ ಕಡೆ ನಿನ್ನ ಮನೇಲಿ ನನ್ನ ಮಗಳು ಹೆರ್ತಿದ್ದಳು, ಈ ಕಡೆ ನಾನು ಬಣ್ಣ ಕುದಿಸ್ತಿದ್ದೆ. ಹೆತ್ತ ತಾಯಿ ಬದುಕಿರೋವಾಗ ಮಗಳು ಬಾಣಂತನಕ್ಕೆ ಸವತಿ ಮನೆಗೆ ಬಂದಳು. ಈ ಬೆಟ್ಟದಲ್ಲಿ ಹಿಂದೆ ಯಾವಳಾದ್ರೂ ಹಾಗೆ ಮಾಡಿದ್ದು ನಿನಗೆ ಗೊತ್ತಾ? ನೀನು ಬೇಲಿ ಹತ್ತಿರ ಬಂದು ಅಕ್ಕ, ಅಕ್ಕ ಅಂತ ಮೂರು ಸಲ ಕರೆದೆ ಅಂತ ಆಮೇಲೆ ಎಲ್ಲರ ಹತ್ತಿರ ಹೇಳಿದ್ದೀಯ. ನನಗೆ ಕೇಳಿಸಲಿಲ್ಲ. ಹಂಡೆ ಕುದೀತಿತ್ತು, ಸದ್ದು... ಕೇಳಿಸಲಿಲ್ಲ ಅಂದ್ನಲ್ಲ. ಅಷ್ಟಕ್ಕೂ ಮೂರು ಸಲ ಅಲ್ಲ, ಎರಡೇ ಸಲ ಕರೆದಿದ್ದು ನೀನು.

...

ಇರಲಿ ಬಿಡು. ಪಾಪ, ನಿನ್ನ ತೋಟ. ನಿನ್ನೆ ನೀವೆಲ್ಲ ಚರ್ಚಿಂದ ಬಂದು ಬಾಯಿ ಬಡ್ಕೊಂಡಿದ್ದು ಇಲ್ಲಿಗೂ ಕೇಳಿಸ್ತು. ಅಲಸಂದೆ ಸೊಪ್ಪು ಒಂದೆಲೆ ಇಲ್ಲವಂತೆ. ಕುಂಬಳದ ಬಳ್ಳಿ ಬುಡಸಮೇತ ಹೋಯ್ತಂತೆ. ಟೊಮೇಟೊ ತುಳಿದು ರಸ ಮಾಡಿವೆಯಂತೆ. ಬರೀ ತೊಗರಿ ಕಡ್ಡಿ ನಿಂತಿವೆ, ಬೇಲಿ ಸಂದಿಯಿಂದ ನಾನೂ ನೋಡಿದೆ. ಹದಿನಾಲ್ಕು ಆಡು ಸೇರಿ ಮೇಯ್ದರೆ ಇನ್ನೇನು ಉಳಿಯುತ್ತೆ? ಆ ಒಂಟಿಕೊಂಬಿನ ಹೋತ ಅಂತೂ ಹೊಟ್ಟೆ ಊದಿಸ್ಕೊಂಡು ಏಳೋಕಾಗದೆ ನಿನ್ನ ಈರುಳ್ಳಿ ಮಡೀಲೇ ಮಲಗಿತ್ತಂತೆ. ನಗು ಬಂತು ನನಗೆ. ಅಲ್ಲ... ಬೇಜಾರಾಯ್ತು. ಎರಡೂ ಅನ್ನು.

ನಾನು ಚರ್ಚಿಗೆ ಬರಲಿಲ್ಲ, ಹೌದು. ಹೊಟ್ಟೆನೋವು. ಶುಂಠಿ ಕಷಾಯ ಕುಡಿದು ಒಳಗೆ ಮಲಗಿದ್ದೆ. ಆಡು ಅರಚಿದ್ದು ಕೇಳಿಸಲಿಲ್ವಾ ಅಂತೀಯಾ? ಕೂಸಿನ ಜೊತೆ ಒಳಗೇ ಮಲಗಿದ್ದ ಬಾಣಂತಿಗೇ ಕೇಳಿಸಿಲ್ಲ, ತಿನ್ನೋ ಆಡು ಅರಚುತ್ತೇನೇ? ಅದರ ಬಾಯಿಗೆ ಪುರುಸೊತ್ತೆಲ್ಲಿ?

ತಪ್ಪು ನಿನ್ನದೇ ಕಣೆ, ಒಪ್ಕೊಂಡುಬಿಡು. ಹೊಸ ಲಂಗ ಉಟ್ಕೊಂಡು ಚರ್ಚಿಗೆ ಹೊರಡೋ ಸಂಭ್ರಮದಲ್ಲಿ ತಡಿಕೆ ಕಟ್ಟೋದು ಮರೆತಿದ್ದೀಯ. ನಮ್ಮತ್ತೆ ಸ್ಯೊಂಬುವ ಇಬ್ಬರಿಗೂ ಒಂದೇ ಪಾಠ ಹೇಳಿದ್ದಳು ತಾನೆ? ತಡಿಕೆ ದಾಟಿದ್ಮೇಲೆ ತಿರುಗಿ ನಿಲ್ಲು, ಕಟ್ಟು, ಎರಡು ಸಲ ಜಗ್ಗಿ ನೋಡು, ಆಮೇಲೆ ಹೆಜ್ಜೆ ಎತ್ತು. ನಾನು ಹೊಸದಾಗಿ ಬಂದಾಗ ಒಂದೇ ಒಂದು ಸಲ ಮರೆತಿದ್ದೆ, ಸೌಟಲ್ಲಿ ಬೆನ್ನಿಗೆ ಬಿತ್ತು. ಆವತ್ತಿಂದ ನನ್ನ ಕೈಗೆ ನನ್ನ ಅಪ್ಪಣೆ ಬೇಕಿಲ್ಲ. ದಾಟಿದ ತಕ್ಷಣ ಸೊಂಟದಲ್ಲಿ ಸಿಕ್ಕಿಸಿರೋ ದಾರ ಕೈಗೆ ಬರುತ್ತೆ, ಕಟ್ಟುತ್ತೆ, ಜಗ್ಗುತ್ತೆ. ನನಗೆ ಗೊತ್ತೂ ಆಗಲ್ಲ. ತಮ್ಮನ ಊರಿಗೆ ಹೋದಾಗ ಅಲ್ಲಿನ ಚರ್ಚಿನ ಗೇಟನ್ನೂ ಕಟ್ಟಿ ಬಂದಿದ್ದೆ, ಪಾದ್ರಿ ಒಳಗೇ ಇದ್ದ. ಅವನು ಗೋಡೆ ಹಾರಿ ಬರಬೇಕಾಯ್ತು.

ನಗಲ್ಲ ನೀನು. ಈ ಕಥೆಗೆ ನಗದೇ ಇದ್ದವರೇ ಇಲ್ಲ. ಏನೇ ಆಗಿದೆ ನಿನಗೆ?

ನನಗೆ ಗೊತ್ತು ಯಾಕೆ ಬಂದಿದ್ದೀಯ ಅಂತ. ನಾಳೆ ಹೆಣ್ಣುಕೂಸಿಗೆ ನಾಲ್ಕನೇ ದಿನ. ನಾಳೆ ಹೆಸರಿಡೋದು. ಬರೋ ಹೆಂಗಸರಿಗೆಲ್ಲ ಹೆಣ್ಣಿನ ತವರು ತೋಟದ ಸೊಪ್ಪು ಬಡಿಸಬೇಕು, ಕುಟ್ಟಿದ ಜೋಳ, ಕಾಳು, ಮೇಲೆ ಸೊಪ್ಪು. ಸಂತೆಯಿಂದ ಸೊಪ್ಪು ತಂದು ಬಡಿಸಿದರೆ ಬಂದವರು ಬಾಯಿಗೆ ಇಡಲ್ಲ, ಬಟ್ಟಲು ಬೋರಲು ಹಾಕಿ ಎದ್ದು ಹೋಗ್ತಾರೆ. ಹೆಸರು ನಿಲ್ಲಲ್ಲ. ನಿನ್ನ ತೋಟದಲ್ಲಿ ಕಡ್ಡಿ ಬಿಟ್ರೆ ಏನಿಲ್ಲ. ಉಳಿದಿರೋದು ಯಾರ ತೋಟ? ನೋಡು, ಕಣ್ಣು ತುಂಬ ನೋಡು. ಆ ಮೂಲೇಲಿ ಕುಂಬಳ, ಎಲೆ ಎಷ್ಟಗಲ ಇದೆ ನೋಡಿದೆಯಾ, ಕೂಸನ್ನ ಸುತ್ತಬಹುದು. ಅಲಸಂದೆ ಮೂರು ಮಡಿ. ಪಾತ್ರೆ ತೊಳೆದ ನೀರು, ಮುಖ ತೊಳೆದ ನೀರು, ಒಂದು ಹನಿ ನೆಲಕ್ಕೆ ಸುಮ್ನೆ ಚೆಲ್ಲಿಲ್ಲ ನಾನು. ಬೆಳಗ್ಗೆ ಎದ್ದು ಇದರ ಮುಂದೆ ಕೂತು ಗಂಜಿ ಕುಡೀತೀನಿ, ಒಂದು ಬುಟ್ಟಿಗೆ ನಾಲ್ಕು ಸುತ್ತು ಹಾಕ್ತೀನಿ, ಎದ್ದು ಎರಡು ಕಳೆ ಕೀಳ್ತೀನಿ, ಮತ್ತೆ ಕೂರ್ತೀನಿ. ಸಾಯಂಕಾಲ ನನ್ನ ಸರದಿ ಇದ್ದ ದಿನ ಮುಲಿಂಗೆ ಬಂದು ಆ ಮರದ ಬುಡದಲ್ಲಿ ಸೌಟು ಕೆತ್ತುತ್ತಾನೆ. ನಾನು ಹೊಸೀತೀನಿ. ಇಬ್ಬರೂ ಮಾತಾಡಲ್ಲ. ಇಂಥ ಸುಖ ಯಾವಳಿಗಿದೆ ಹೇಳು. ನೀನು ಬೇಲಿ ಆ ಕಡೆಯಿಂದ ನೋಡ್ಲಿ ಅಂತಲೇ ಸ್ವಲ್ಪ ಜಾಸ್ತಿ ಸುಖವಾಗಿದ್ದೆ ನಾನು. ಒಬ್ಬಳೇ ಕೂತು ಹಾಡಿದ್ದೀನಿ, ನಿನಗೆ ಕೇಳಿಸ್ಲಿ ಅಂತ.

ಸೊಪ್ಪು ಬೇಕು ಅಲ್ವಾ? ಕೇಳು. ಬಾಯಿ ಬಿಟ್ಟು ಕೇಳು. "ಅಕ್ಕಾ, ನಾಳೆಗೆ ಎರಡು ಹೊರೆ ಸೊಪ್ಪು ಕೊಡು" ಅನ್ನು. ಅನ್ನೋವರೆಗೂ ಒಂದೆಲೆ ಮುಟ್ಟೋಕೆ ಬಿಡಲ್ಲ. ಅಂದ್ಮೇಲೂ ಕೊಡ್ತೀನಿ ಅಂತ ಹೇಳ್ತಿಲ್ಲ. ಆದ್ರೆ ಕೇಳಬೇಕು ನೀನು. ಇಪ್ಪತ್ತು ವರ್ಷದಿಂದ ಕಾಯ್ತಿದ್ದೀನಿ, ನನ್ನ ಹತ್ತಿರ ಏನಾದ್ರೂ ಕೇಳೋ ಹಾಗೆ ಆಗಲಿ ನಿನಗೆ ಅಂತ.

ಕೇಳಲ್ಲ.

ಸರಿ. ಹಾಗಾದ್ರೆ ನಾನು ಹೇಳೋದು ಕೇಳಿಸ್ಕೋ. ಯಾವತ್ತೂ ನಿನ್ನ ಮುಖಕ್ಕೆ ಹೇಳಿಲ್ಲ ಇದನ್ನ. ನೀನು ಈ ಮನೆಗೆ ಬಂದಾಗ ನನ್ನ ಮಗಳು ಕೋಕಿಗೆ ಮೂರು ವರ್ಷ. ನಾನು ನಮ್ಮವ್ವನಿಗೆ ಹುಷಾರಿಲ್ಲ ಅಂತ ತವರಿಗೆ ಹೋದೆ. ಒಂದು ಬೆಳೆ ಕಾಲಕ್ಕೆ ಅಂತ ಹೋಗಿದ್ದು... ಏನು? ಸರಿ, ಎರಡು ಬೆಳೆ. ... ಹಾಗೆ ನೋಡಬೇಡ್ವೇ. ಆರು. ಆರು ಬೆಳೆ, ಮೂರು ವರ್ಷ. ಆಯ್ತಾ? ನಮ್ಮವ್ವ ಮೊದಲನೇ ಬೆಳೆ ಕುಯ್ಯೋಕೆ ಮುಂಚೆನೇ ಎದ್ದು ಓಡಾಡ್ತಿದ್ದಳು. ನಾನೇ ವಾಪಸ್ ಬರಲಿಲ್ಲ.

ಸಿಟ್ಟು ಕಣೆ. ಅವನು ನಿನ್ನನ್ನ ತಂದ ಸಿಟ್ಟು. ಕೋಕಿನ ಕರ್ಕೊಂಡು ಹೋಗಬಹುದಿತ್ತು, ಬೇಕಂತಲೇ ಬಿಟ್ಟು ಹೋದೆ. ಅಳಲಿ ಕೂಸು, ಊಟ ಬಿಡಲಿ, ಹೊಸ ಹೆಂಡ್ತಿಗೆ ಸಾಕು ಸಾಕು ಅನ್ನಿಸಲಿ. ಮುಲಿಂಗೆ ಅವನ ಅವ್ವನ್ನ ಕರ್ಕೊಂಡು, ತಪ್ಪುಕಾಣಿಕೆಗೆ ಆಡು ಹೊಡ್ಕೊಂಡು ನಮ್ಮಪ್ಪನ ಬಾಗಿಲಿಗೆ ಬಂದು, "ಬಾ ಕಸೀವಾ, ನಿನ್ನ ಮಗಳು ನಿನ್ನ ಬಿಟ್ಟಿರಲ್ಲ" ಅಂತ ಕೈ ಮುಗೀಲಿ ಅಂತ. ದಿನಾ ಬೆಳಗ್ಗೆ ಎದ್ದು ದಾರಿ ನೋಡ್ತಿದ್ದೆ. ಯಾರೂ ಬರಲಿಲ್ಲ. ಯಾಕೆ ಬರಲಿಲ್ಲ ಅಂದ್ರೆ ಅವಳು ಅಳಲಿಲ್ಲ. ನೀನು ಅಳೋಕೆ ಬಿಡಲಿಲ್ಲ. ಬೆನ್ನಿಗೆ ಕಟ್ಕೊಂಡು ಹೊಲಕ್ಕೆ ಹೋದೆಯಂತೆ, ನಿನ್ನ ಬಟ್ಟಲಲ್ಲೇ ಉಣಿಸಿದೆಯಂತೆ. ಅದೇ ನೀನು ನನಗೆ ಮಾಡಿದ್ದು. ಬೇರೆ ಏನೂ ಮಾಡಿಲ್ಲ ನೀನು. ಅದೊಂದೇ. ಅದನ್ನ ನಾನು ಸಾಯೋವರೆಗೂ ಮರೆಯಲ್ಲ.

ವಾಪಸ್ ಬಂದ ದಿನ ನೀನೂ ಇದ್ದೆಯಲ್ಲ, ನೋಡಿದ್ದೀಯ. ಅವಳು ಬಾಗಿಲಲ್ಲಿ ನಿಂತಿದ್ದಳು. ಕೈ ಚಾಚಿದೆ. ಅವಳು ನಿನ್ನ ಲಂಗ ಹಿಡ್ಕೊಂಡಳು. "ಅವ್ವಾ, ಯಾರಿದು?" ಅಂದಳು. ನಿನ್ನ ಕೇಳಿದಳು, ನನ್ನನ್ನ ತೋರಿಸಿ.

ಆಮೇಲೆ ನೀನು ಹೇಳಿಕೊಟ್ಟೆ, ದೊಡ್ಡವ್ವ ಅನ್ನು ಅಂತ. ದೊಡ್ಡವ್ವ. ಇವತ್ತಿಗೂ ನಾನು ದೊಡ್ಡವ್ವ, ನೀನು ಅವ್ವ. ನಾನೂ ಪ್ರಯತ್ನ ಪಟ್ಟೆ ಕಣೆ. ಏಳು ವರ್ಷಕ್ಕೆ ಹೊಸೆಯೋದು ಹೇಳಿಕೊಡೋಣ ಅಂತ ಮುಂದೆ ಕೂರಿಸ್ಕೊಂಡೆ. ನಾನು ಎಡಗೈಯವಳು, ಎಡತೊಡೆ ಮೇಲೆ ಹೊಸೀತೀನಿ. ನನ್ನ ದಾರದ ಸುತ್ತು ಆ ಕಡೆ, ನಿಮ್ಮೆಲ್ಲರದ್ದು ಈ ಕಡೆ. ಈ ಬೆಟ್ಟಕ್ಕೆಲ್ಲ ಎಡಗೈ ಹೊಸೆತ ಅಂದ್ರೆ ನನ್ನೊಬ್ಬಳದೇ, ಕತ್ತಲಲ್ಲಿ ಮುಟ್ಟಿದ್ರೂ ಹೇಳ್ತಾರೆ, ಇದು ಕಸೀವಾದು ಅಂತ. ಕೂಸು ನನ್ನ ನೋಡ್ಕೊಂಡು ಬಲಗೈಲಿ ಹೊಸೆದರೆ ಎಳೆ ಬಿಚ್ಚಿಕೊಳ್ಳೋದು. ಮತ್ತೆ ಹೊಸೆದರೆ ಮತ್ತೆ ಬಿಚ್ಚಿಕೊಳ್ಳೋದು. ಅತ್ತುಬಿಟ್ಟಳು. ಎದ್ದು ನಿನ್ನ ಹತ್ತಿರ ಓಡಿದಳು. ಒಂದೇ ಮಧ್ಯಾಹ್ನದಲ್ಲಿ ಕಲಿಸಿಬಿಟ್ಟೆ ನೀನು. ಬಂದು ತೋರಿಸಿದಳು, ಅವ್ವ ಕಲಿಸಿದ್ದು ನೋಡು ದೊಡ್ಡವ್ವ ಅಂತ. ಬಲ ಹೊಸೆತ. ಚೆನ್ನಾಗಿತ್ತು. ಚೆನ್ನಾಗಿದೆ ಅಂದೆ ನಾನು.

...

ಮೊದಲನೇ ಹೆಣ್ಣಿಗೆ ಗಂಡನ ತಾಯಿ ಹೆಸರು, ಸರಿ, ಅದು ಅವರ ಹಕ್ಕು. ಎರಡನೇ ಹೆಣ್ಣಿಗೆ ಹೆತ್ತ ತಾಯಿ ಹೆಸರು. ನನ್ನ ಹಕ್ಕು ಅದು. ಕೋಕಿ ಎರಡನೇದು ಬಸುರಿ ಅಂತ ಗೊತ್ತಾದ ದಿನದಿಂದ ಹೆಣ್ಣಾಗಲಿ ಹೆಣ್ಣಾಗಲಿ ಅಂತ ಬೇಡ್ಕೊಂಡೆ. ಯಾಕೆ ಗೊತ್ತಾ? ಕೂಸಿಗೆ ನನ್ನ ಹೆಸರಿಟ್ಟರೆ ಅವಳು ಹೆತ್ತವಳ ಹೆಸರು ಹಿಡಿದು ಕೂಸನ್ನ ಕರೆಯೋ ಹಾಗಿಲ್ಲವಲ್ಲ. "ಅವ್ವಾ" ಅನ್ನಲೇಬೇಕು. ನನಗೆ ಅನ್ನದಿದ್ರೆ ಬೇಡ, ಅದಕ್ಕಾದ್ರೂ ಅಂತಾಳೆ, ಬೇಲಿ ಈ ಕಡೆ ಕೂತು ಕೇಳಿಸ್ಕೋತೀನಿ ಅಂತ.

ಆಮೇಲೆ ಒರತೆ ಹತ್ತಿರ ಆ ಚಾಡಿಬಾಯಿ ಕಲೆಕ್ಯೆ ಹೇಳಿದಳು. ಹೋದ ವಾರ. ನನ್ನ ಬಿಂದಿಗೆ ತುಂಬೋವರೆಗೂ ಕಾದು ಹೇಳಿದಳು. "ಹೆಣ್ಣಾದ್ರೆ ಕೋಕಿ ಸಾಕಿದ ತಾಯಿ ಹೆಸರು ಇಡ್ತಾಳಂತೆ, ಮುತಿಂದಿ ಅಂತ. ನಿನಗೆ ಬೇಜಾರಿಲ್ಲ ತಾನೆ?" ಅಂದಳು. ನನಗೇನೇ ಬೇಜಾರು, ಒಳ್ಳೇದಾಯ್ತು ಅಂದೆ. ಮನೆಗೆ ಬರೋವಷ್ಟರಲ್ಲಿ ಬಿಂದಿಗೇಲಿ ನೀರೇ ಇರಲಿಲ್ಲ, ಎಲ್ಲಿ ಚೆಲ್ಲಿದೆನೋ ಗೊತ್ತಿಲ್ಲ.

ಸುಳ್ಳಾ? ತಲೆ ಆಡಿಸಬೇಡ. ಈಗ ಸುಳ್ಳು ಅಂದ್ರೆ ನಾನು ನಂಬ್ತೀನಾ? ನಾಲ್ಕನೇ ದಿನದವರೆಗೂ ಹೆಸರನ್ನ ಬಾಯಿ ಬಿಡಬಾರದು ಅಂತಾರೆ, ನಿಜ. ಆದ್ರೆ ಕಲೆಕ್ಯೆಗೆ ಗೊತ್ತಾಗದೆ ಇರೋದು ಏನಿದೆ? ನನ್ನ ಮಗಳನ್ನ ತಗೊಂಡೆ, ತಡ್ಕೊಂಡೆ. ಅವ್ವ ಅನ್ನೋದನ್ನ ತಗೊಂಡೆ, ತಡ್ಕೊಂಡೆ. ಈಗ ನನ್ನ ಹೆಸರಿನ ಜಾಗದಲ್ಲೂ ಬಂದು ಕೂತ್ಕೋತೀಯಾ? ಆ ಸೊಪ್ಪೇ ಇಲ್ಲದಿದ್ರೆ ಹೆಸರು ಹೇಗೆ ಇಡ್ತೀಯ, ನೋಡೋಣ ಅಂತ...

ಅಂತ... ಯಾರೋ ಅಂದ್ಕೊಂಡಿರಬಹುದು. ನಾನಲ್ಲ. ನಾನು ಮಲಗಿದ್ದೆ ಅಂದ್ನಲ್ಲ. ಊರಲ್ಲಿ ನಿನಗೆ ಆಗದವರು ಬೇರೆ ಇಲ್ವಾ?

ಏನು, ಗಂಟನ್ನ ನನ್ನ ಕಡೆ ತಳ್ತಿದ್ದೀಯ? ನನಗಾ? ಏನಿದೆ ಇದರಲ್ಲಿ? ಸೊಪ್ಪಿಗೆ ಬದಲಾಗಿ ಏನೋ ತಂದಿದ್ದೀಯ ಅನ್ನು. ಬೇಡಮ್ಮ, ಬಾಯಲ್ಲಿ ಕೇಳೋಕಾಗದವಳ ಉಡುಗೊರೆ ನನಗೆ ಬೇಡ. ... ಸರಿ, ಕೊಡು. ಹಗುರ ಇದೆ. ಯಾರೇ ಇಷ್ಟು ಬಿಗಿಯಾಗಿ ಕಟ್ಟಿದ್ದು, ಉಗುರು ಕಿತ್ತು ಬರುತ್ತೆ. ಕಾಂಗಾ ಬಟ್ಟೆ ಹಳೇದು, ದಾರ ಹೊಸದು... ದಾರ ಒಳ್ಳೆ ದಾರ, ನಯವಾಗಿ...

...

ಇದು...

ಇದು ನೇರಳೆ ಬಣ್ಣ.

ಇರು. ಇದು ನಿನಗೆ ಎಲ್ಲಿ ಸಿಕ್ತು? ನಾನು ಯಾರಿಗೂ ಕೊಟ್ಟಿಲ್ಲ. ಬಿದ್ದಿತ್ತಾ ದಾರೀಲಿ? ಗಾಳಿಗೆ ಹಾರಿ ಬಂತಾ ಬೇಲಿ ದಾಟಿ? ಗಾಳಿಗೆ ಬರುತ್ತೆ ಕೆಲವು ಸಲ... ಅಲ್ಲ. ಗಂಟು ಹಾಕಿದ್ದ ಸುಕ್ಕು ಇದೆ ಇದರಲ್ಲಿ, ಎರಡು ಕಡೆ. ದಪ್ಪ ಕಡ್ಡಿಗೆ ಸುತ್ತಿ, ಹಿಂದಿನಿಂದ ತಂದು, ಒಳಗೆ ತೂರಿಸಿ, ಜಗ್ಗಿ... ಎರಡು ಸಲ ಜಗ್ಗಿ...

ಅಯ್ಯೋ ದೇವರೇ.

ಕಟ್ಟಿಬಿಟ್ನಾ? ತಡಿಕೆ ಕಟ್ಟಿಬಿಟ್ನಾ ನಾನು? ಆಡು ಒಳಗೆ ಬಿಟ್ಟು, ಆಚೆ ಬಂದು, ತಿರುಗಿ ನಿಂತು... ನನಗೆ ನೆನಪೇ ಇಲ್ಲ ಕಣೆ. ಬಿಚ್ಚಿದ್ದು ನೆನಪಿದೆ. ಒಂಟಿಕೊಂಬನ್ನ ಕಿವಿ ಹಿಡಿದು ಮೊದಲು ನುಗ್ಗಿಸಿದ್ದು ನೆನಪಿದೆ. ಕಟ್ಟಿದ್ದು... ನೀನೇ ಮೊದಲು ಓಡಿದೆ ಅಂದರು ನಿನ್ನೆ. ನೀನೇ ಬಿಚ್ಚಿದ್ದು. ಬಿಚ್ಚಿ ಮುಷ್ಟಿಯಲ್ಲಿ ಮುಚ್ಚಿಟ್ಕೊಂಡೆಯಾ? ಎಲ್ಲರೂ ನೀನು ಕಟ್ಟೋದು ಮರೆತೆ ಅಂತ ಬೈದಾಗ, ಮುಲಿಂಗೆ ಬೈದಾಗ, ಇದು ನಿನ್ನ ಮುಷ್ಟಿಯಲ್ಲೇ ಇತ್ತಾ?

ಅದಕ್ಕೇ ಬಂದಾಗಿಂದ ಸುಮ್ನಿದ್ದೀಯ. ನಾನು ಹೊಟ್ಟೆನೋವು ಅಂದೆ. ಪಾದ್ರಿ ಕಥೆ ಹೇಳಿದೆ. ಈ ದಾರನೇ ಎತ್ತಿ ಹಿಡಿದು ತೋರಿಸಿದೆ, ಒಂದೆಳೆ ಅಂಗಳ ದಾಟಿಲ್ಲ ಅಂತ. ಎಲ್ಲ ಕೇಳಿಸ್ಕೊಂಡು ಕೂತಿದ್ದೀಯಲ್ಲೇ.

ಹೌದು, ನಾನೇ. ನಾನೇ ಬಿಟ್ಟಿದ್ದು. ಸಾಕಾ? ಹೋಗಿ ಹೇಳು. ಬೆಟ್ಟಕ್ಕೆಲ್ಲ ಹೇಳು. ಆ ದಾರ ಕುತ್ತಿಗೆಗೆ ಕಟ್ಕೊಂಡು ಒರತೆ ಹತ್ತಿರ ಹೋಗು. ನನಗೇನು... ನಿನ್ನ ಹೆಸರು ಇಡೋಕಾಗಲಿಲ್ಲವಲ್ಲ, ಅಷ್ಟು ಸಾಕು ನನಗೆ.

ಮತ್ತೆ ಯಾಕೆ ತೋರಿಸ್ತೀಯ ಗಂಟನ್ನ? ಬಿಚ್ಚಿದ್ನಲ್ಲ. ಇನ್ನೂ ಏನಿದೆ ಒಳಗೆ?

ಬುಟ್ಟಿ. ಪುಟ್ಟದು. ಕೂಸಿನದು. ಕೋಕಿ ಕೈಕೆಲಸ, ಈ ಅಂಚು ಕಟ್ಟೋದು ಅವಳೇ. ಹೊರಗಡೆ ಅಕ್ಷರ ಬಿಡಿಸಿದ್ದಾಳೆ. ನನಗೆ ಓದೋಕೆ ಬರಲ್ಲ, ನಿನಗೆ ಗೊತ್ತು. ಬುಟ್ಟಿ ಬುಡಕ್ಕೆ ಹಾಕೋಕೆ ಅಂತ ನನ್ನ ಹೆಸರೊಂದೇ ಕಲಿತಿದ್ದೀನಿ. ಇಂಗ್ಲಿಷಿನ ಆರು ಅಕ್ಷರ, ಅದರಲ್ಲಿ ಗುಡಿಸಲಿನ ಮಾಡಿನ ತರದ್ದು ಎರಡು ಸಲ ಬರುತ್ತೆ... ಒಂದು ಇಲ್ಲಿ... ಕೊನೇಲಿ ಇನ್ನೊಂದು...

ಮುತಿಂದಿ.

ಇದು ನಿನ್ನ ಹೆಸರಲ್ಲ.

ಇದು ನಾನು.

ಮತ್ತೆ ಈ ಬುಟ್ಟಿಯ ದಾರ... ಸುತ್ತು ನೋಡು. ಆ ಕಡೆ ತಿರುಗಿದೆ. ಇದು ನಾನು ಹೊಸೆದಿದ್ದಲ್ಲ, ಇಷ್ಟು ಗಂಟುಗಂಟಾಗಿ ನಾನು ಹೊಸೆಯಲ್ಲ. ಕೋಕಿ ಹೊಸೆದಿದ್ದಾಳೆ. ಬಲಗೈಯವಳು, ಎಡ ಹೊಸೆತ. ಕೈಯನ್ನ ಮುಂದಕ್ಕೆ ತಳ್ಳೋ ಬದಲು ಹಿಂದಕ್ಕೆ ಎಳ್ಕೊಂಡು ಎಳ್ಕೊಂಡು... ತೊಡೆ ಸುಲಿದು ಹೋಗಿರುತ್ತಲ್ಲೇ. ಬಸುರಿ. ಎಷ್ಟು ತಿಂಗಳು ಕೂತಿರಬೇಕು ಇದಕ್ಕೆ. ನೀನು ನೋಡ್ತಿದ್ದೆಯಾ ಅವಳು ಹೊಸೆಯೋದನ್ನ? ಪಕ್ಕದಲ್ಲೇ ಕೂತಿದ್ದೆಯಾ? ನಿನ್ನ ಮನೇಲಿ ಕೂತು ನನ್ನ ಹೆಸರು ಕಟ್ಟಿದಳಾ?

ಹಾಗಾದ್ರೆ ಆ ಸೊಪ್ಪು... ನೀನು ಬೆಳೆಸಿದ್ದ ಅಲಸಂದೆ, ಕುಂಬಳ... ಅದು ನನ್ನ ಹೆಸರಿಗೆ ಬಡಿಸೋಕೆ ಬೆಳೆಸಿದ್ದಾ?

...

ಬೈಯೇ. ಬಾಯಿ ಬಿಟ್ಟು ಬೈಯೇ ನನ್ನ. ಸೌಟು ತಗೊಂಡು ಬೆನ್ನಿಗೆ ಹಾಕು, ಅತ್ತೆ ಹಾಕಿದ ಹಾಗೆ. ಕೋಕಿಗೆ ಹೇಳಿದ್ದೀಯಾ? ... ಇಲ್ಲ. ಹೇಳಲ್ವಾ? ... ಹೇಳಲ್ಲ. ಯಾಕೆ ಹೇಳಲ್ಲ? ಹೇಳಿದ್ರೆ ನನಗೆ ವಾಸಿ ಕಣೆ. ನೀನೊಬ್ಬಳೇ ಇಟ್ಕೊಂಡು ದಿನಾ ಬೇಲಿ ಆ ಕಡೆಯಿಂದ ನನ್ನ ನೋಡ್ತೀಯಾ?

ಇರು, ಏಳಬೇಡ. ಕುಡುಗೋಲು ಒಳಗಿದೆ, ತರ್ತೀನಿ. ಎಲ್ಲ ಕುಯ್ದು ಕೊಡ್ತೀನಿ. ಮೂರು ಮಡಿಯೂ ಕುಯ್ಯೋಣ, ಕುಂಬಳದ ಚಿಗುರೂ ಕೊಡ್ತೀನಿ. ನೀನು ಕೇಳೋದು ಬೇಡ, ನಾನೇ ಕೇಳ್ತೀನಿ ನೋಡು. ತಗೊಳ್ಳೇ. ಮುತಿಂದಿ, ನನ್ನ ಸೊಪ್ಪು ತಗೋ... ನಾಳೆ ನಾನು ಬರಬಹುದಾ? ಬಾಗಿಲ ಆಚೆನೇ ಕೂರ್ತೀನಿ. ಅವಳು ಕೂಸನ್ನ ಒಂದು ಸಲ ಕರೆಯೋದು ಕೇಳಿಸ್ಕೊಂಡು ಎದ್ದು ಬರ್ತೀನಿ.

ಸೊಪ್ಪು ಬಿಟ್ಟೇ ಹೋಗ್ತಿದ್ದೀಯ. ಬುಟ್ಟಿ ತಗೊಂಡೆ, ಸರಿ, ಅದು ಕೂಸಿನದು. ಆ ದಾರ ಯಾಕೆ ತಗೊಂಡೆ? ಅದನ್ನ ಕೊಡು, ಇಲ್ಲೇ ಬಿಸಾಕು.

ತಡಿಕೆ ಕಟ್ಟಬೇಡ. ತೆರೆದೇ ಬಿಡು. ಆಡು ಬರಲಿ, ಒಂಟಿಕೊಂಬು ಬರಲಿ, ನಾನೇ ಕಿವಿ ಹಿಡಿದು ಕರ್ಕೊಂಡು ಬರ್ತೀನಿ, ಎಲ್ಲ ಮೇಯಲಿ. ನಿನಗೂ ನನಗೂ ಸರಿಹೋಗಲಿ. ಕೇಳಿಸ್ತಾ? ಯಾಕೆ ತಿರುಗಿ ನಿಂತೆ? ಆ ದಾರದಲ್ಲಿ ಕಟ್ಟಬೇಡ್ವೇ... ಜಗ್ಗಬೇಡ...

ಮುತಿಂದಿ, ನಾನಿನ್ನೂ ಒಳಗಿದ್ದೀನಿ.